ಮಾಮಲ್ಲಪುರದಲ್ಲಿ ಮಣೆ ಹಾಕಿದವರು

ನಮ್ಮ ಸಭೆ ಸಮಾರಂಭಗಳಲ್ಲಿ ಯಾರೂ ಕಿವಿಗೊಟ್ಟು ಕೇಳದ ಭಾಗವೊಂದುಂಟು. ಅದು ಕಟ್ಟಕಡೆಯ ವಂದನಾರ್ಪಣೆ. ಅಧ್ಯಕ್ಷರ ಭಾಷಣ ಮುಗಿಯುತ್ತಲೇ ಸಭಿಕರಲ್ಲಿ ಅರ್ಧ ಮಂದಿ ಎದ್ದು ಚಪ್ಪಲಿ ಹುಡುಕತೊಡಗುವರು. ಉಳಿದವರು ರಾಷ್ಟ್ರಗೀತೆಗಾಗಿ ಕಾದಿರುವರು. ಆ ಗದ್ದಲದ ನಡುವೆ ಕಾರ್ಯದರ್ಶಿಗಳು ಒಂದು ಚೀಟಿ ಹಿಡಿದು ಚಪ್ಪರ ಹಾಕಿದವರ, ದೀಪದ ವ್ಯವಸ್ಥೆ ನೋಡಿಕೊಂಡವರ, ಕುಡಿಯುವ ನೀರು ತಂದಿಟ್ಟವರ ಹೆಸರುಗಳನ್ನು ಅವಸರದಿಂದ ಓದಿ ಮುಗಿಸುವರು. ಮರುದಿನದ ಪತ್ರಿಕೆಯಲ್ಲಿ ಭಾಷಣಕಾರರ ಹೆಸರು ಬರುವುದು. ಆ ಚೀಟಿ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಚದುರಂಗದ ಇತಿಹಾಸ ಬರೆದವರೂ ಬಹುಮಟ್ಟಿಗೆ ಈ ಸಭಿಕರಂತೆಯೇ ನಡೆದುಕೊಂಡಿದ್ದಾರೆ. 1851ರಲ್ಲಿ, ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದ ವರ್ಷವೇ, 16 ಮಂದಿ ಆಟಗಾರರು ಆ ನಗರದಲ್ಲಿ ಕಲೆತು ಆಡಿದರು. ಅದನ್ನೇ ಮೊದಲ ಅಂತರರಾಷ್ಟ್ರೀಯ ಚದುರಂಗ ಪಂದ್ಯಾವಳಿ ಎಂದು ಎಣಿಸುವುದು ವಾಡಿಕೆ. ಗೆದ್ದವನು ಬ್ರೆಸ್ಲಾವ್ ನಗರದ ಗಣಿತದ ಉಪಾಧ್ಯಾಯ ಆಡಾಲ್ಫ್ ಆಂಡರ್ಸನ್. ಏರ್ಪಾಡಿನ ಮುಂದಾಳು ಹೋವರ್ಡ್ ಸ್ಟಾಂಟನ್. ವಂತಿಗೆಗಾಗಿ ಓಡಾಡಿದವನು ಸ್ಟಾಂಟನ್, ಆಡಿದವನು ಸ್ಟಾಂಟನ್, ಮರುವರ್ಷ ಅದರ ಗ್ರಂಥವನ್ನು ಬರೆದವನೂ ಸ್ಟಾಂಟನ್ನನೇ. ಆಟದಲ್ಲಿ ಅವನಿಗೆ ದೊರೆತದ್ದು ನಾಲ್ಕನೆಯ ಸ್ಥಾನ. ಏರ್ಪಾಡಿನ ಹೊರೆಯೇ ತನ್ನ ಆಟವನ್ನು ಕೆಡಿಸಿತೆಂದು ಅವನು ಗೊಣಗಿದ್ದುಂಟು. ಸೋತವರ ಸಬೂಬು ಎಂದು ಜನ ನಕ್ಕರು. ಆದರೆ ಸ್ವಂತ ಮಗಳ ಮದುವೆಯಲ್ಲಿ ಊಟದ ರುಚಿ ನೋಡಲು ಬಿಡುವಿಲ್ಲದ ತಂದೆಯನ್ನು ಕಂಡವರು ಆ ಮಾತನ್ನು ಪೂರ್ತಿ ತಳ್ಳಿಹಾಕಲಾರರು. ಆಗ ಆಟಕ್ಕೆ ಗಡಿಯಾರವೂ ಇರಲಿಲ್ಲ. ಒಂದೊಂದು ನಡೆಗೆ ಎಷ್ಟು ಹೊತ್ತಾದರೂ ಯೋಚಿಸುತ್ತ ಕುಳಿತವರನ್ನು ಎಬ್ಬಿಸುವ ಉಪಾಯವೇ ತೋಚದೆ ವ್ಯವಸ್ಥಾಪಕರು ಕಂಗೆಟ್ಟಿದ್ದರು. ಇಬ್ಬರ ಹೊತ್ತನ್ನೂ ಬೇರೆ ಬೇರೆಯಾಗಿ ಅಳೆಯುವ ಜೋಡಿ ಗಡಿಯಾರ ಪಂದ್ಯಾವಳಿಗೆ ಬಂದುದು 1883ರಲ್ಲಿ, ಅದೇ ಲಂಡನ್ನಿನಲ್ಲಿ.

ಈ ಪೀಠಿಕೆಯ ಉದ್ದೇಶವಿಷ್ಟೆ. 2022ರ ಜುಲೈ 28ರಿಂದ ಆಗಸ್ಟ್ 10ರವರೆಗೆ ನಾವು ವಾಸಿಸುವ ಈ ತಮಿಳುನಾಡಿನಲ್ಲಿ, ಚೆನ್ನೈಗೆ ಸಮೀಪದ ಮಾಮಲ್ಲಪುರದಲ್ಲಿ, 44ನೆಯ ಚದುರಂಗ ಒಲಿಂಪಿಯಾಡ್ ಜರುಗಿತು. ಭಾರತದಲ್ಲಿ ಒಲಿಂಪಿಯಾಡ್ ನಡೆದುದು ಅದೇ ಮೊದಲು. ಗೆದ್ದವರ ಕೀರ್ತಿಯನ್ನು ಪತ್ರಿಕೆಗಳು ಬೇಕಾದಷ್ಟು ಹಾಡಿವೆ. ಅಲ್ಲಿ ಮಣೆ ಹಾಕಿದವರಿಗೆ, ಎಂದರೆ ಏರ್ಪಾಡು ಮಾಡಿದವರಿಗೂ ಸ್ವಯಂಸೇವಕರಿಗೂ, ಸಲ್ಲಬೇಕಾದ ವಂದನೆಯನ್ನು ಈ ಸ್ಮರಣ ಸಂಚಿಕೆಯ ಮೂಲಕ ತಡವಾಗಿಯಾದರೂ ಸಲ್ಲಿಸಬೇಕೆಂಬುದು ಈ ಲೇಖನದ ಆಶಯ.

ಕನ್ನಡ ಸಂಘದ ಸಂಚಿಕೆಯಲ್ಲಿ ಈ ವಂದನೆ ಏತಕ್ಕೆಂದು ಕೇಳುವ ಹಿರಿಯರು ನಮ್ಮಲ್ಲಿ ಉಂಟು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು, ಚೆನ್ನೈಗೆ 300ಕ್ಕೂ ಮೇಲೆ. ತಾಳವಾಡಿಯವರಿಗೆ ಚಾಮರಾಜನಗರವೇ ಹತ್ತಿರದ ಪೇಟೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಈಚೆ ಉಳಿದೆವು. ಮಕ್ಕಳ ಕಲಿಕೆಯ ಭಾಷೆಯ ಬಗೆಗೆ, 2006ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲಂತೂ, ಸರ್ಕಾರದ ಮುಂದೆ ಇಡಬೇಕಾದ ಅಹವಾಲುಗಳು ನಮಗುಂಟು. ಅವನ್ನು ಬೇರೆ ವೇದಿಕೆಯಲ್ಲಿ ಇಟ್ಟಿದ್ದೇವೆ, ಮುಂದೆಯೂ ಇಡುವೆವು. ಆದರೆ ಅಹವಾಲು ಇದೆಯೆಂಬ ಕಾರಣಕ್ಕೆ ಉಪಕಾರವನ್ನು ಮರೆಯುವುದು ನಮ್ಮ ಹಿರಿಯರು ನಡೆದ ದಾರಿಯಲ್ಲ. ಅದಕ್ಕೆ ಕಲ್ಲಿನಲ್ಲೇ ಸಾಕ್ಷ್ಯವಿದೆ. ಅದನ್ನು ಮುಂದೆ ಹೇಳುವೆನು.

ಮೊದಲು ಆ ಪಂದ್ಯಾವಳಿ ನಮ್ಮಲ್ಲಿಗೆ ಬಂದ ಬಗೆಯನ್ನು ನೋಡೋಣ. ಫಿಡೆ ಎಂದು ಹೆಸರಾದ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು 1924ರಲ್ಲಿ. ಅದರ ಮೊದಲ ಅಧಿಕೃತ ಒಲಿಂಪಿಯಾಡ್ 1927ರಲ್ಲಿ ಲಂಡನ್ನಿನಲ್ಲಿ ಜರುಗಿದಾಗ ಸೇರಿದ್ದು 16 ತಂಡಗಳು, ಗೆದ್ದುದು ಹಂಗೇರಿ. ಭಾರತದ ತಂಡ ಮೊದಲು ಹೋದದ್ದು 1956ರ ಮಾಸ್ಕೋ ಪಂದ್ಯಾವಳಿಗೆ. 2018ರಲ್ಲಿ ಜಾರ್ಜಿಯಾದ ಬಟೂಮಿಯಲ್ಲಿ 43ನೆಯದು ಮುಗಿದ ತರುವಾಯ ಮಹಾಮಾರಿ ಬಂದು ಎರಡು ವರ್ಷ ಅಂತರ್ಜಾಲದಲ್ಲಿಯೇ ಆಡಬೇಕಾಯಿತು. 44ನೆಯದು ರಷ್ಯಾದಲ್ಲಿ ಆಗುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಯುಕ್ರೇನಿನ ಮೇಲೆ ನುಗ್ಗಿತು. ಮರುದಿನವೇ ಫಿಡೆಯ ಮಂಡಲಿ ಕೂಡಿ, ಒಲಿಂಪಿಯಾಡನ್ನು ರಷ್ಯಾದಲ್ಲಿ ನಡೆಸಲಾಗದೆಂದು ತೀರ್ಮಾನಿಸಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಛತ್ರವೇ ಇಲ್ಲವೆಂದಂತಾಯಿತು.

ಅಖಿಲ ಭಾರತ ಚದುರಂಗ ಒಕ್ಕೂಟ ಮುಂದೆ ಬಂದಿತು. ತಮಿಳುನಾಡಿನ ಸರ್ಕಾರ ಬೆನ್ನಿಗೆ ನಿಂತಿತು. ಮಾರ್ಚ್ 15ರಂದು ಫಿಡೆ ಚೆನ್ನೈಯ ಹೆಸರನ್ನು ಘೋಷಿಸಿತು. ಅಂದಿನಿಂದ ಉದ್ಘಾಟನೆಗೆ ಉಳಿದಿದ್ದುದು 135 ದಿನ. ಇಂಥ ಕಾರ್ಯಕ್ಕೆ ಉಳಿದ ದೇಶಗಳು ವರ್ಷಗಟ್ಟಲೆ ಸಿದ್ಧತೆ ಮಾಡುವುದುಂಟು. ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ನರ ಸರ್ಕಾರ 90 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಇದಕ್ಕೆಂದು ತೆಗೆದಿರಿಸಿತು. ಹಣವಿದ್ದರೆ ಎಲ್ಲವೂ ಆಗುವುದೆಂಬುದು ಹೊರಗೆ ನಿಂತು ನೋಡುವವರ ಮಾತು. ಹಣದಿಂದ ಮಣೆ ಕೊಳ್ಳಬಹುದು. ಮಣೆಯನ್ನು ಯಾವ ಎತ್ತರದಲ್ಲಿ, ಯಾವ ಬೆಳಕಿನಲ್ಲಿ, ಎಷ್ಟು ಅಂತರದಲ್ಲಿ ಇಡಬೇಕೆಂದು ಬಲ್ಲವರು 135 ದಿನಗಳಲ್ಲಿ ತಯಾರಾಗುವುದಿಲ್ಲ.

ಅಂಥವರು ಚೆನ್ನೈಯಲ್ಲಿ ಮೊದಲಿನಿಂದಲೂ ಇದ್ದರು. ಇದೇ ನಿಜವಾದ ಕಾರಣ. ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿ 1961ರಲ್ಲಿ ಹೆಸರು ಪಡೆದ ಮ್ಯಾನ್ಯುಯಲ್ ಆರನ್ ಅಲ್ಲಿಯವರು. ರಾಷ್ಟ್ರೀಯ ಪ್ರಶಸ್ತಿಯನ್ನು 9 ಬಾರಿ ಗೆದ್ದವರು. 1972ರಲ್ಲಿ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಟಾಲ್ ಚದುರಂಗ ಕ್ಲಬ್ಬು ಆರಂಭವಾಯಿತು. ಅಲ್ಲಿ ಆಡಿ ಬೆಳೆದ ಹುಡುಗರಲ್ಲಿ ವಿಶ್ವನಾಥನ್ ಆನಂದ್ ಒಬ್ಬರು. ಅವರು 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು, ಮುಂದೆ ವಿಶ್ವವಿಜೇತರಾದರು. 2013ರ ನವೆಂಬರಿನಲ್ಲಿ ಆನಂದ್ ಮತ್ತು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ನರ ನಡುವಣ ವಿಶ್ವಪ್ರಶಸ್ತಿ ಪಂದ್ಯವೂ ಚೆನ್ನೈಯಲ್ಲಿಯೇ ಆಯಿತು. ತಮ್ಮೂರಿನ ಆನಂದ್ ಸೋತರು. ಆದರೂ ಊರಿನ ಜನ ಗೆದ್ದವನನ್ನು ಸತ್ಕರಿಸಿ ಕಳುಹಿಸಿದರು. 2022ರ ಹೊತ್ತಿಗೆ ದೇಶದ ಗ್ರ್ಯಾಂಡ್ ಮಾಸ್ಟರುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ತಮಿಳುನಾಡಿನವರೇ. ಒಬ್ಬ ಗ್ರ್ಯಾಂಡ್ ಮಾಸ್ಟರ್ ಬೆಳೆಯಬೇಕಾದರೆ ಅವನ ಹಿಂದೆ ನೂರಾರು ಸಣ್ಣ ಪಂದ್ಯಾವಳಿಗಳಿರಬೇಕು. ಪ್ರತಿಯೊಂದು ಪಂದ್ಯಾವಳಿಯ ಹಿಂದೆ ರಜೆಯ ದಿನವನ್ನು ಕಳೆದುಕೊಳ್ಳುವ ನಾಲ್ಕಾರು ಉಪಾಧ್ಯಾಯರೂ ಗುಮಾಸ್ತರೂ ಇರಬೇಕು. ಅವರ 50 ವರ್ಷದ ಅಭ್ಯಾಸವೇ ಆ 135 ದಿನಗಳಲ್ಲಿ ಫಲಕೊಟ್ಟಿತು.

ಇನ್ನು ಕೆಲಸದ ಪ್ರಮಾಣವನ್ನು ನಮ್ಮ ಶಾಲೆಯ ಮಕ್ಕಳೂ ಲೆಕ್ಕ ಹಾಕಿ ನೋಡಬಹುದು. ಮುಕ್ತ ವಿಭಾಗಕ್ಕೆ ಹೆಸರು ಕೊಟ್ಟ ತಂಡಗಳು 188. ಮಹಿಳಾ ವಿಭಾಗಕ್ಕೆ 162. ಒಟ್ಟು 350. ಇದಕ್ಕೆ ಮೊದಲು ಯಾವ ಒಲಿಂಪಿಯಾಡಿನಲ್ಲೂ ಇಷ್ಟು ತಂಡಗಳು ಕೂಡಿರಲಿಲ್ಲ. ಎರಡೆರಡು ತಂಡಗಳು ಎದುರುಬದುರಾದರೆ 175 ಪಂದ್ಯಗಳು. ಒಂದೊಂದು ಪಂದ್ಯಕ್ಕೆ ನಾಲ್ಕು ಮಣೆಗಳಂತೆ 700 ಮಣೆಗಳು, 700 ಗಡಿಯಾರಗಳು, 1,400 ಕುರ್ಚಿಗಳು. ಒಂದು ಮಣೆಗೆ 32 ಕಾಯಿಗಳಂತೆ ಎಣಿಸಿದರೆ 22,400 ಕಾಯಿಗಳು. ಅವುಗಳಲ್ಲಿ ಒಂದು ಕುದುರೆ ಕಾಣೆಯಾದರೂ ಒಬ್ಬ ಆಟಗಾರನ ಪಾಲಿಗೆ ಪಂದ್ಯಾವಳಿಯೇ ನಿಂತಂತೆ. ಆಡುವ ಇಬ್ಬರೂ ತಮ್ಮ ತಮ್ಮ ನಡೆಗಳನ್ನು ಕಾಗದದಲ್ಲಿ ಬರೆಯಬೇಕೆಂಬುದು ನಿಯಮ. ಹೀಗಾಗಿ ದಿನಕ್ಕೆ 1,400 ಕಾಗದಗಳನ್ನು ಹಂಚಿ, ಸಹಿ ಹಾಕಿಸಿ, ತಿರುಗಿ ಒಟ್ಟುಗೂಡಿಸಿ, ಜೋಡಿಸಿಡಬೇಕು. ಇದು ಒಂದು ಸುತ್ತಿನ ಮಾತು. ಇಂಥ 11 ಸುತ್ತುಗಳು. ನಡುವೆ ಆಗಸ್ಟ್ 4ರಂದು ಒಂದೇ ಒಂದು ದಿನ ಬಿಡುವು. ಆ ಬಿಡುವೂ ಆಟಗಾರರಿಗೆ ಮಾತ್ರ. ಕಸ ಗುಡಿಸುವವರಿಗೆ, ಅಡುಗೆಯವರಿಗೆ, ವಾಹನ ನಡೆಸುವವರಿಗೆ ಅಂಥ ದಿನದಲ್ಲಿಯೇ ಕೆಲಸ ಹೆಚ್ಚು.

ಆ ಮಣೆಗಳು ನಾವು ಜಗಲಿಯ ಮೇಲೆ ಸುಣ್ಣದಲ್ಲಿ ಗೀಚಿಕೊಳ್ಳುವ ಮಣೆಗಳಲ್ಲ. ಕಾಯಿಯನ್ನು ಎತ್ತಿ ಇಟ್ಟೊಡನೆ ಅದರ ನಡೆ ತಂತಿಯ ಮೂಲಕ ಹರಿದು ಲೋಕದ ಮೂಲೆಮೂಲೆಗೂ ತಲುಪುವಂತೆ ಮಾಡಿದ ವಿದ್ಯುನ್ಮಣೆಗಳು. ಅವುಗಳ ಅಡಿಯಲ್ಲಿ ಹಾಸಿದ ತಂತಿಗಳ ಜಾಲವನ್ನು ನೆನೆದರೆ ತಲೆ ತಿರುಗುವುದು. ಆಟ ಮುಗಿದಾಗ ಫಲಿತಾಂಶವನ್ನು ತಿಳಿಸುವುದಕ್ಕೂ ಒಂದು ಸಂಕೇತವಿದೆ. ಬಿಳಿಯ ಪಕ್ಷ ಗೆದ್ದರೆ ಎರಡೂ ರಾಜರನ್ನು ಮಣೆಯ ನಟ್ಟನಡುವಿನ ಬಿಳಿಯ ಮನೆಗಳಲ್ಲಿ ಇಡುವರು. ಕರಿಯ ಪಕ್ಷ ಗೆದ್ದರೆ ಕರಿಯ ಮನೆಗಳಲ್ಲಿ. ಹಗಲೆಲ್ಲ ಹೊಡೆದಾಡಿದ ರಾಜರಿಬ್ಬರು ಕೊನೆಗೆ ನಡುಮಣೆಯಲ್ಲಿ ಒಟ್ಟಿಗೆ ನಿಲ್ಲುವ ಈ ನೋಟ ನನಗೆ ಬಹಳ ಹಿಡಿಸಿತು.

ವಸತಿಗೃಹವೊಂದರ ಸಭಾಂಗಣ ಸಾಲದೆ ಪಕ್ಕದಲ್ಲಿ ಇನ್ನೊಂದು ದೊಡ್ಡ ಅಂಗಣವನ್ನು ಹೊಸದಾಗಿ ಕಟ್ಟಿದರು. ಎಲ್ಲವೂ ಸಿದ್ಧವಾಯಿತೆಂದು ಕೈಕಟ್ಟಿ ಕೂರದೆ, ಉದ್ಘಾಟನೆಗೆ ಕೆಲವು ದಿನ ಮುಂಚೆ ಸಾವಿರಕ್ಕೂ ಮೇಲ್ಪಟ್ಟು ನಮ್ಮ ನಾಡಿನ ಆಟಗಾರರನ್ನೇ ಕರೆಸಿ, ಅದೇ ಮಣೆಗಳ ಮುಂದೆ ಕುಳ್ಳಿರಿಸಿ ಒಂದು ಪಂದ್ಯಾವಳಿಯನ್ನೇ ಆಡಿಸಿದರು. ನಾಟಕದವರು ಮಾಡುವಂತೆ ಇದು ಪೂರ್ಣ ವೇಷದ ತಾಲೀಮು. ದೊಡ್ಡ ಕಾರ್ಯ ಕೈಗೊಳ್ಳುವ ನಮ್ಮ ಸಂಘಗಳು ಗಮನಿಸಬೇಕಾದ ಕ್ರಮವಿದು. ನಮ್ಮ ರಾಜ್ಯೋತ್ಸವಗಳಲ್ಲಿ ಧ್ವನಿವರ್ಧಕ ಕೂಗುವುದೋ ಇಲ್ಲವೋ ಎಂಬುದು ಪ್ರಾರ್ಥನೆ ಹಾಡಲು ಮಕ್ಕಳು ಬಂದು ನಿಂತ ಮೇಲಷ್ಟೆ ತಿಳಿಯುವುದು ಎಂಬುದನ್ನು ಎಲ್ಲರೂ ಬಲ್ಲರು.

ಆಡುವ ಅಂಗಣದ ಹೊರಗಣ ಕೆಲಸ ಇದಕ್ಕಿಂತ ಹೆಚ್ಚಿನದು. 180ಕ್ಕೂ ಮೇಲ್ಪಟ್ಟ ದೇಶಗಳ ಜನ ಹಗಲಿರುಳೆನ್ನದೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಅವರನ್ನು ಎದುರುಗೊಳ್ಳಬೇಕು, ಸಮುದ್ರತೀರದ ರಸ್ತೆಯ ಉದ್ದಕ್ಕೂ ಹರಡಿದ್ದ ಹತ್ತಾರು ವಸತಿಗೃಹಗಳಲ್ಲಿ ಇಳಿಸಬೇಕು, ಹೊತ್ತಿಗೆ ಸರಿಯಾಗಿ ಕರೆತರಬೇಕು. ಚದುರಂಗದಲ್ಲಿ ತಡವಾಗಿ ಬಂದವನಿಗೆ ಸೋಲೇ ಗತಿ. ಬಂಡಿ ಕೆಟ್ಟಿತೆಂದರೆ ಗಡಿಯಾರ ಕೇಳುವುದಿಲ್ಲ. ಒಂದು ದೇಶದವರಿಗೆ ಖಾರ ಬೇಡ, ಇನ್ನೊಂದು ದೇಶದವರಿಗೆ ಮಾಂಸವಿಲ್ಲದೆ ಆಗದು, ಮತ್ತೊಬ್ಬರಿಗೆ ಅವರ ಧರ್ಮಕ್ಕೆ ಒಪ್ಪುವ ಅಡುಗೆಯೇ ಬೇಕು. ಮನೆಯಲ್ಲಿ ನಾಲ್ಕು ಮಂದಿ ನೆಂಟರು ಬಂದರೆ ಗೃಹಿಣಿ ಪಡುವ ಪಾಡನ್ನು ಸಾವಿರದಿಂದ ಗುಣಿಸಿದರೆ ಅಲ್ಲಿಯ ಅಡುಗೆಮನೆಯ ಚಿತ್ರ ದೊರೆಯಬಹುದು.

ಮಹಿಳಾ ವಿಭಾಗದಲ್ಲಿ ಭಾರತದ ಮೊದಲ ತಂಡದ ಪರವಾಗಿ ಆಡಿದ ಗುಂಟೂರಿನ ದ್ರೋಣವಲ್ಲಿ ಹಾರಿಕಾ ಆಗ ತುಂಬು ಗರ್ಭಿಣಿ. ಹೆರಿಗೆಯ ದಿನಗಳು ಸಮೀಪಿಸಿದ್ದರೂ ಆಕೆ ಮಣೆಯ ಮುಂದೆ ಕುಳಿತರು. ವೈದ್ಯರ ನೆರವು ಹತ್ತಿರದಲ್ಲಿಯೇ ಸಿದ್ಧವಾಗಿದ್ದಿತು. ಆ ತಂಡ ಕಂಚು ಗೆದ್ದಿತು. ಅದೇ ತಿಂಗಳು ಹಾರಿಕಾ ಹೆಣ್ಣುಮಗುವಿನ ತಾಯಿಯಾದರು. ಪಂದ್ಯಾವಳಿಯ ಅತಿ ಕಿರಿಯ ಸ್ಪರ್ಧಿ ಪ್ಯಾಲೆಸ್ಟೈನಿನ 8 ವರ್ಷದ ಬಾಲಕಿ. ಗರ್ಭಿಣಿಗೂ ಕೂಸಿಗೂ ಒಂದೇ ಚಪ್ಪರದಡಿ ಅನುಕೂಲ ಮಾಡಿಕೊಟ್ಟವರು ಯಾರು? ಇಂಥವರ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಬರುವುದಿಲ್ಲ.

ಆತಿಥ್ಯವು ಪಂದ್ಯಕ್ಕಿಂತ ದೊಡ್ಡದಾದ ಸಂದರ್ಭ ಚದುರಂಗದ ಇತಿಹಾಸದಲ್ಲಿ ಹಿಂದೆಯೂ ಒಮ್ಮೆ ಬಂದಿತ್ತು. 1939ರ ಒಲಿಂಪಿಯಾಡ್ ಅರ್ಜೆಂಟೈನಾದ ಬ್ಯೂನಸ್ ಐರಿಸ್ಸಿನಲ್ಲಿ ಕೂಡಿದಾಗ, ಪಂದ್ಯಗಳ ನಡುವೆಯೇ, ಸೆಪ್ಟೆಂಬರ್ 1ರಂದು ಜರ್ಮನಿಯ ಸೇನೆ ಪೋಲೆಂಡನ್ನು ಹೊಕ್ಕಿತು. ಇಂಗ್ಲೆಂಡಿನ ತಂಡ ಅರ್ಧಕ್ಕೇ ಬಿಟ್ಟು ಊರಿಗೆ ಹೊರಟಿತು. ಶತ್ರುಗಳಾದ ದೇಶಗಳ ಆಟಗಾರರು ಒಂದೇ ಛಾವಣಿಯ ಕೆಳಗೆ. ಏನು ಮಾಡಬೇಕು? ವ್ಯವಸ್ಥಾಪಕರು ತಂಡಗಳ ನಾಯಕರನ್ನು ಕೂಡಿಸಿ ಮಾತನಾಡಿ, ಎದುರುಬದುರು ಕೂರಲಾಗದ ದೇಶಗಳ ಕೆಲವು ಪಂದ್ಯಗಳನ್ನು ಆಡಿಸದೆಯೇ 2–2 ಎಂದು ಬರೆದು ಪಂದ್ಯಾವಳಿಯನ್ನು ದಡ ಮುಟ್ಟಿಸಿದರು. ಗೆದ್ದುದು ಜರ್ಮನಿ, ಅರ್ಧ ಅಂಕ ಹಿಂದೆ ಉಳಿದುದು ಪೋಲೆಂಡ್. ಬಂದವರಲ್ಲಿ ಹಲವರು ಹಿಂದಿರುಗಲಿಲ್ಲ. ಪೋಲೆಂಡಿನ ಯೆಹೂದ್ಯ ಆಟಗಾರ ಮಿಗೆಲ್ ನೈದೋರ್ಫ್ ಅಲ್ಲಿಯೇ ಉಳಿದರು. ಊರಿನಲ್ಲಿದ್ದ ಅವರ ಮಡದಿಯೂ ಮಗುವೂ ನಾಜಿಗಳ ಕೈಯಲ್ಲಿ ಅಳಿದುಹೋದರು. ಅತಿಥಿಗಳಾಗಿ ಬಂದವರಿಗೆ ನೆಲೆ ಕೊಟ್ಟದ್ದು ಅರ್ಜೆಂಟೈನಾ.

ಮಾಮಲ್ಲಪುರಕ್ಕೂ ಯುದ್ಧದ ನೆರಳು ಬಿದ್ದಿತ್ತು. ಪಂದ್ಯಾವಳಿ ಇಲ್ಲಿಗೆ ಬಂದದ್ದೇ ಯುದ್ಧದಿಂದ. ರಷ್ಯಾದ ತಂಡವಿರಲಿಲ್ಲ, ಚೀನಾ ಬರಲಿಲ್ಲ. ಜ್ಯೋತಿಯ ಯಾತ್ರೆ ಜಮ್ಮು ಕಾಶ್ಮೀರದಲ್ಲಿ ಹಾದುಬಂತೆಂದು ಪಾಕಿಸ್ತಾನ ಉದ್ಘಾಟನೆಯ ದಿನವೇ ಹಿಂದೆ ಸರಿಯಿತು. ಆದರೆ ಯುಕ್ರೇನಿನ ಹೆಣ್ಣುಮಕ್ಕಳು ಬಂದರು. ಊರಿನ ಮೇಲೆ ಬಾಂಬು ಬೀಳುತ್ತಿರುವಾಗ ಸಹಸ್ರಾರು ಮೈಲಿ ದೂರದ ಕಡಲತೀರದಲ್ಲಿ ಕುಳಿತು, ಮನಸ್ಸನ್ನು 64 ಮನೆಗಳಲ್ಲಿ ಕಟ್ಟಿಹಾಕಿ, ಅವರು ಚಿನ್ನವನ್ನೇ ಗೆದ್ದರು. ಗೆಲುವು ಅವರದು, ನಿಜ. ಆ ಎರಡು ವಾರ ಅವರಿಗೆ ನಿಶ್ಚಿಂತೆಯಾದ ಒಂದು ಕೋಣೆ, ಹೊತ್ತಿಗೆ ಊಟ, ಮೌನವಾದ ಅಂಗಣ ಇವನ್ನು ಒದಗಿಸಿದ ಕೈಗಳನ್ನೂ ಆ ಗೆಲುವಿನ ಜೊತೆಗೆ ನೆನೆಯಬೇಕು.

ಈಗ ಕಲ್ಲಿನ ಸಾಕ್ಷ್ಯಕ್ಕೆ ಬರೋಣ. ಮಾಮಲ್ಲಪುರವೆಂಬ ಹೆಸರೇ ಕನ್ನಡಿಗರಿಗೆ ಒಂದು ಹಳೆಯ ಗಾಯವನ್ನು ನೆನಪಿಸುವಂಥದು. ಮಾಮಲ್ಲನೆಂದರೆ ಪಲ್ಲವ ದೊರೆ ಮೊದಲನೆಯ ನರಸಿಂಹವರ್ಮ. ಕ್ರಿ. ಶ. 642ರ ಸುಮಾರಿಗೆ ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದು, ವಾತಾಪಿಯನ್ನು ಗೆದ್ದವನೆಂಬ ಬಿರುದು ಧರಿಸಿದವನು. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನವೂ ಉಂಟು. ನೂರು ವರ್ಷ ಕಳೆಯಿತು. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಹೊಕ್ಕನು. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಅವನು ಊರನ್ನು ಸುಡಲಿಲ್ಲ. ಅಲ್ಲಿಯ ರಾಜಸಿಂಹೇಶ್ವರದ, ಎಂದರೆ ಈಗಿನ ಕೈಲಾಸನಾಥ ದೇಗುಲದ, ಸಿರಿಯನ್ನು ಕಂಡು ಅದನ್ನು ದೇವರಿಗೇ ಹಿಂದಿರುಗಿಸಿದನು. ಹಾಗೆಂದು ಹೇಳುವ ಅವನ ಶಾಸನ ಆ ದೇಗುಲದ ಕಂಬದ ಮೇಲೆ ಇಂದಿಗೂ ಇದೆ, ಅದು ಕನ್ನಡದಲ್ಲಿದೆ. ತಮಿಳುನಾಡಿನಲ್ಲಿ ಕನ್ನಡದ ಪ್ರಾಚೀನ ಕುರುಹುಗಳನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಇದನ್ನೇ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಆ ವಿಜಯದ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ದೊಡ್ಡ ಗುಡಿಯನ್ನು ಕಟ್ಟಿಸಿದಳು. ಈಗ ನಾವು ವಿರೂಪಾಕ್ಷ ದೇವಾಲಯವೆನ್ನುವುದು ಅದನ್ನೇ. ಕಂಚಿಯ ಕೈಲಾಸನಾಥನ ಚೆಲುವನ್ನು ಅದರಲ್ಲಿ ಕಾಣಬಹುದು. ಮೂರು ಬಾರಿ ಕಂಚಿಯನ್ನು ಗೆದ್ದ ದೊರೆಯ ಹೆಸರಿನೊಡನೆ, ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಅವನಿಗೆ ಕೊಟ್ಟ ಮರ್ಯಾದೆಯನ್ನೂ ಅಲ್ಲಿಯ ಶಾಸನ ಹೇಳುತ್ತದೆ. ಅನಿವಾರಿತಾಚಾರಿ ಎಂಬುದು ಅವನ ಬಿರುದು. ವಂದನಾರ್ಪಣೆಯ ಚೀಟಿಯನ್ನು ಎಸೆಯದೆ ಕಲ್ಲಿನಲ್ಲಿ ಕೆತ್ತಿದ ಜನ ನಾವು. ದೊರೆಯ ಹೆಸರು ಹೇಗೂ ಉಳಿಯುತ್ತಿತ್ತು. ಗುಂಡನ ಹೆಸರು ಉಳಿದುದು ಯಾರೋ ಅದನ್ನು ಕೆತ್ತಿಸಬೇಕೆಂದು ಮನಸ್ಸು ಮಾಡಿದುದರಿಂದ.

ಚದುರಂಗಕ್ಕೂ ಕನ್ನಡ ನಾಡಿಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಕ್ರೀಡೆಗಳನ್ನು ಹೇಳುವ ಭಾಗದಲ್ಲಿ ಚದುರಂಗದ ವಿವರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿ ಕುದುರೆಯ ನಡೆಯಿಂದ 64 ಮನೆಗಳನ್ನೂ ಒಂದೊಂದು ಬಾರಿಯೇ ಮುಟ್ಟಿಬರುವ ಕಟ್ಟುಗಳನ್ನು ರಚಿಸಿ, ಆ ವಿದ್ಯೆಯಲ್ಲಿ ಪಾಶ್ಚಾತ್ಯ ವಿದ್ವಾಂಸರ ಗಮನವನ್ನೂ ಸೆಳೆದರು. ಮಾಮಲ್ಲಪುರದ ಪಂದ್ಯಾವಳಿಯ ಲಾಂಛನವಾದದ್ದೂ ಕುದುರೆಯೇ. ಪಂಚೆ ಉಟ್ಟು, ಅಂಗಿ ತೊಟ್ಟು, ಕೈ ಮುಗಿದು ನಿಂತ ಆ ಕುದುರೆಗೆ ‘ತಂಬಿ’ ಎಂದು ಹೆಸರಿಟ್ಟರು. ತಂಬಿಯೆಂದರೆ ತಮ್ಮ. ನಮ್ಮ ಬೀದಿಗಳಲ್ಲಿ ಎರಡು ಮಾತುಗಳೂ ಒಂದೇ ಬಾಯಲ್ಲಿ ಬರುವುದನ್ನು ದಿನವೂ ಕೇಳುತ್ತೇವೆ.

ಫಲಿತಾಂಶವನ್ನು ಸಂಕ್ಷೇಪವಾಗಿ ಹೇಳಿಬಿಡುವೆನು. ಮುಕ್ತ ವಿಭಾಗದಲ್ಲಿ, ಶ್ರೇಯಾಂಕದಲ್ಲಿ 14ನೆಯದಾಗಿದ್ದ ಉಜ್ಬೆಕಿಸ್ತಾನದ ಹುಡುಗರು ಎಲ್ಲರನ್ನೂ ಬೆರಗುಗೊಳಿಸಿ ಚಿನ್ನ ಗೆದ್ದರು, ಆರ್ಮೇನಿಯ ಬೆಳ್ಳಿ, ಭಾರತದ ಎರಡನೆಯ ತಂಡ ಕಂಚು. ಮಹಿಳೆಯರಲ್ಲಿ ಯುಕ್ರೇನ್, ಜಾರ್ಜಿಯ, ಭಾರತದ ಮೊದಲ ತಂಡ ಎಂಬ ಕ್ರಮ. ಆಗ 16 ವರ್ಷದವನಾಗಿದ್ದ ಚೆನ್ನೈಯ ಡಿ. ಗುಕೇಶ್ ಮೊದಲ ಮಣೆಯಲ್ಲಿ ಸತತವಾಗಿ 8 ಆಟಗಳನ್ನು ಗೆದ್ದು ವೈಯಕ್ತಿಕ ಚಿನ್ನ ಪಡೆದನು. ಎರಡು ವರ್ಷಗಳ ಬಳಿಕ, 2024ರಲ್ಲಿ, ಬುಡಾಪೆಸ್ಟಿನಲ್ಲಿ ಭಾರತ ಎರಡೂ ವಿಭಾಗಗಳ ಚಿನ್ನವನ್ನು ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗುಕೇಶ್ ವಿಶ್ವವಿಜೇತನಾದನು. ಮಾಮಲ್ಲಪುರದ ಏರ್ಪಾಡಿನಿಂದಲೇ ಇದೆಲ್ಲ ಆಯಿತೆಂದರೆ ಅತಿಶಯೋಕ್ತಿ. ಲೋಕದ ದೊಡ್ಡ ಆಟಗಾರರ ನಡುವೆ ಸ್ವಂತ ನೆಲದಲ್ಲಿ ಮೂರು ಮೂರು ತಂಡಗಳಾಗಿ ಆಡುವ ಅವಕಾಶ ಅತಿಥೇಯ ದೇಶಕ್ಕಷ್ಟೆ ದೊರೆಯುವುದು ಎಂಬುದನ್ನು ಮಾತ್ರ ನೆನಪಿಡಬೇಕು.

ಇಷ್ಟೆಲ್ಲ ನಡೆಯುತ್ತಿರುವಾಗ ಜಾಹೀರಾತಿನ ಭಿತ್ತಿಗಳ ಮೇಲೆ ಯಾರ ಭಾವಚಿತ್ರವಿರಬೇಕೆಂಬ ವಿವಾದ ಮದರಾಸು ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಉದ್ಘಾಟನೆಯ ದಿನವೇ, ರಾಷ್ಟ್ರಪತಿಗಳ ಮತ್ತು ಪ್ರಧಾನಿಗಳ ಚಿತ್ರಗಳೂ ಇರತಕ್ಕದ್ದೆಂದು ನ್ಯಾಯಾಲಯ ಆದೇಶಿಸಿತು. ದೊಡ್ಡವರ ಪದವಿಗೆ ತಕ್ಕ ಮರ್ಯಾದೆ ಸಲ್ಲಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ 22,400 ಕಾಯಿಗಳನ್ನು ಎಣಿಸಿದವರ ಚಿತ್ರ ಎಲ್ಲಿದೆಯೆಂದು ಕೇಳಿ ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ.

ಆದುದರಿಂದ, ಸರ್ಕಾರದ ಇಲಾಖೆಗಳವರಿಗೆ, ಚದುರಂಗ ಒಕ್ಕೂಟದವರಿಗೆ, ಪಂದ್ಯಕ್ಕೊಬ್ಬರಂತೆ ನಿಂತು ಗಂಟೆಗಟ್ಟಲೆ ಮೌನವಾಗಿ ಕಾವಲಿದ್ದ ತೀರ್ಪುಗಾರರಿಗೆ, ತಂತಿ ಎಳೆದವರಿಗೆ, ವಾಹನ ನಡೆಸಿದವರಿಗೆ, ಪೊಲೀಸರಿಗೆ, ವೈದ್ಯರಿಗೆ, ದಾದಿಯರಿಗೆ, ಅಡುಗೆಯವರಿಗೆ, ಪೌರಕಾರ್ಮಿಕರಿಗೆ, ಕಾಲೇಜು ಬಿಟ್ಟುಬಂದು ದಾರಿ ತೋರಿಸಿದ ವಿದ್ಯಾರ್ಥಿ ಸ್ವಯಂಸೇವಕರಿಗೆ, ಈ ಗಡಿಯ ಕನ್ನಡಿಗರ ವಂದನೆಗಳು. ಅದೇ ಸಂದರ್ಭದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆಂದು ರಾಜ್ಯದಾದ್ಯಂತ ಚದುರಂಗ ಪಂದ್ಯಗಳನ್ನು ಏರ್ಪಡಿಸಿದ ಉಪಾಧ್ಯಾಯರಿಗೂ ಈ ವಂದನೆ ಸಲ್ಲಬೇಕು.

ವಾಚಕರಲ್ಲಿ ಒಂದು ಬಿನ್ನಹವುಂಟು. ಕೃಷ್ಣಗಿರಿ, ಈರೋಡು, ನೀಲಗಿರಿ ಜಿಲ್ಲೆಗಳ ನಮ್ಮ ಕನ್ನಡ ಮನೆಗಳಿಂದ ಆ ಎರಡು ವಾರ ಮಾಮಲ್ಲಪುರದಲ್ಲಿಯೋ ಚೆನ್ನೈಯಲ್ಲಿಯೋ ದುಡಿದವರು ಇದ್ದರೆ, ಕೆಲಸ ಯಾವುದೇ ಆಗಿರಲಿ, ಬಸ್ಸಿನ ಬಾಗಿಲು ತೆರೆದುದಾದರೂ ಸರಿಯೆ, ತಮ್ಮ ಹೆಸರು, ಊರು, ಮಾಡಿದ ಕೆಲಸ ಇವನ್ನು ಒಂದು ಕಾಗದದಲ್ಲಿ ಬರೆದು ಸಂಘದ ಕಾರ್ಯದರ್ಶಿಗಳಿಗೆ ತಲುಪಿಸಬೇಕು. ಮಕ್ಕಳು ತಮ್ಮ ಅಣ್ಣಂದಿರ, ಅಕ್ಕಂದಿರ ಪರವಾಗಿಯೂ ಬರೆಯಬಹುದು. ಬರುವ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಆ ಹೆಸರುಗಳಿಗೆಂದು ಒಂದು ಪುಟವನ್ನು ಕಾದಿರಿಸಬೇಕೆಂದು ಸಂಪಾದಕ ಮಂಡಲಿಯನ್ನು ಕೇಳಿಕೊಂಡಿದ್ದೇನೆ, ಅವರೂ ಒಪ್ಪಿದ್ದಾರೆ.